ಖಳನಾಯಕರು ಸಾಕು, ರಕ್ಕಸ ಬೇಕು

ದೈತ್ಯ ಪ್ರಾಣಿಗಳ ಸಿನಿಮಾ ಎಂದರೆ ನಮ್ಮ ಸಾಹಿತ್ಯಾಸಕ್ತರಲ್ಲಿ ಮೂಗು ಮುರಿಯುವವರೇ ಹೆಚ್ಚು. ಸಮುದ್ರದಿಂದ ಎದ್ದ ಹಲ್ಲಿಯೊಂದು ಊರು ತುಳಿಯುವುದು, ಜನ ಓಡುವುದು, ಸೈನ್ಯ ಗುಂಡು ಹಾರಿಸುವುದು. ಇದರಲ್ಲಿ ಚರ್ಚಿಸುವಂಥದ್ದೇನಿದೆ, ರಜೆಯಲ್ಲಿ ಮಕ್ಕಳಿಗೆ ತೋರಿಸಿ ಸುಮ್ಮನಾಗುವ ಸರಕು ಎಂಬುದು ಅವರ ಅಭಿಪ್ರಾಯ. ಇದನ್ನು ನಾನು ಒಪ್ಪುವುದಿಲ್ಲ. ಸರ್ಕಾರ ಎಂಬ ವ್ಯವಸ್ಥೆಯನ್ನು ಸಿನಿಮಾ ಬಹಳ ಚೆನ್ನಾಗಿ ಗೇಲಿ ಮಾಡಿರುವುದು ಈ ದೊಡ್ಡ ಮೈಯ ಪ್ರಾಣಿಗಳ ಬೆನ್ನೇರಿಯೇ. ಗಡಿಯಲ್ಲಿ ಬದುಕುವ ಕನ್ನಡಿಗರಿಗಂತೂ ಅಂಥದೊಂದು ಚಿತ್ರ ಉಳಿದೆಲ್ಲರಿಗಿಂತ ಹೆಚ್ಚು ಬೇಕಾಗಿದೆ. ನಮ್ಮನ್ನು ಕುರಿತು ಬಂದ ಸಿನಿಮಾ, ಕತೆ, ಭಾಷಣಗಳಲ್ಲಿ ಹೆಚ್ಚಿನವು ನಮಗೆ ಒಬ್ಬ ಖಳನಾಯಕನನ್ನು ಹುಡುಕಿಕೊಟ್ಟಿವೆ. ನಮ್ಮನ್ನು ತಿನ್ನುತ್ತಿರುವವನು ಖಳನಾಯಕನಲ್ಲ, ರಕ್ಕಸ. ಇವರಿಬ್ಬರಿಗೂ ಇರುವ ವ್ಯತ್ಯಾಸವೇ ಈ ಲೇಖನದ ವಿಷಯ.

ಹಿಂದೂಪುರದ ಕಡೆಯಿಂದ ಬರೆಯುತ್ತಿರುವುದರಿಂದ ಮೊದಲು ನಮ್ಮ ಲೇಪಾಕ್ಷಿಯ ಮಾತು. ದೊಡ್ಡ ಮೈಗಳು ನಮಗೆ ಹೊಸವಲ್ಲ. ಒಂದೇ ಬಂಡೆಯಲ್ಲಿ ಕಡೆದ ನಮ್ಮ ಬಸವ ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ವೀರಭದ್ರ ದೇವಾಲಯದಲ್ಲಿ ಲಿಂಗಕ್ಕೆ ಹೆಡೆಯೆತ್ತಿ ನಿಂತ ಏಳು ಹೆಡೆಯ ನಾಗ. ರಾವಣನ ಕತ್ತಿಗೆ ರೆಕ್ಕೆ ಕಳೆದುಕೊಂಡು ಇಲ್ಲಿ ಬಿದ್ದ ಜಟಾಯುವಿಗೆ ರಾಮ ‘ಲೇ ಪಕ್ಷಿ’ ಎಂದದ್ದರಿಂದ ಊರಿಗೆ ಈ ಹೆಸರು ಬಂತೆಂದು ಕತೆ. ತೆಲುಗಿನಲ್ಲಿ ‘ಲೇ’ ಎಂದರೆ ‘ಏಳು’. ಕನ್ನಡದ ಕಿವಿಗೆ ಅದು ಸಲಿಗೆಯ ಕರೆ. ಗುಡಿಯ ಗೋಡೆಗಳ ಮೇಲಿರುವುದು ಕನ್ನಡ ಶಾಸನಗಳು, ಅವುಗಳ ಮುಂದೆ ಈಗ ನಡೆಯುವ ಮಾತು ಬಹುಪಾಲು ತೆಲುಗು. ಎರಡು ಭಾಷೆಗಳು ಒಂದೇ ಹಕ್ಕಿಯನ್ನು ಎರಡು ಬಗೆಯಾಗಿ ಮಾತಾಡಿಸುವ ಊರು ನಮ್ಮದು.

ಅದೇ ಗುಡಿಯ ಇನ್ನೊಂದು ಕತೆ ವಿರೂಪಣ್ಣನದು. ವಿಜಯನಗರದ ಅಚ್ಯುತದೇವರಾಯನ (1529–1542) ಕಾಲದಲ್ಲಿ ಈ ದೇವಾಲಯವನ್ನು ಕಟ್ಟಿಸಿದವನು ಅವನು. ದೊರೆಯ ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂದು ಆರೋಪ ಬಂತಂತೆ. ಕಣ್ಣು ಕೀಳಿಸುವ ಶಿಕ್ಷೆ ಆಯಿತಂತೆ. ಬೇರೆಯವರಿಗೆ ಆ ಕೆಲಸ ಕೊಡದೆ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಕತೆ ನಡೆದದ್ದೋ ಕಟ್ಟಿದ್ದೋ, ಅದನ್ನು ಹೇಳಿಕೊಂಡು ಬಂದ ಜನರಿಗೆ ಒಂದು ಸಂಗತಿ ಸರಿಯಾಗಿ ಗೊತ್ತಿತ್ತು: ಅಷ್ಟು ದೊಡ್ಡ ಬಸವನ ಹತ್ತಿರದಲ್ಲೇ ಒಂದು ಲೆಕ್ಕದ ಪುಸ್ತಕ ಇರುತ್ತದೆ, ಮನುಷ್ಯನ ಕಣ್ಣು ಹೋಗುವುದು ಆ ಪುಸ್ತಕದಿಂದ. ಒಳ್ಳೆಯ ದೈತ್ಯಚಿತ್ರದ ಗುಟ್ಟೂ ಇಷ್ಟೇ. ಕಣ್ಣಿಗೆ ಬೀಳುವುದು ದೊಡ್ಡ ಮೈ, ಕತೆ ನಡೆಯುವುದು ಕಚೇರಿಯಲ್ಲಿ.

ಇಂಥ ಚಿತ್ರಕ್ಕೆ ಉದಾಹರಣೆ ಹುಡುಕಿಕೊಂಡು ಜಪಾನಿಗೆ ಹೋಗುವ ಮೊದಲು ನಮ್ಮ ಅನಂತಪುರ ಜಿಲ್ಲೆಯ ತಾಡಪತ್ರಿಯ ಕಡೆ ನೋಡಬಹುದು. ‘ಮಾಯಾಬಜಾರ್’ (1957) ನಿರ್ದೇಶಿಸಿದ ಕೆ.ವಿ. ರೆಡ್ಡಿ ಆ ಸೀಮೆಯವರು. ಅದನ್ನು ಪೌರಾಣಿಕ ಚಿತ್ರವೆಂದು ಪಟ್ಟಿ ಮಾಡಿ ಪಕ್ಕಕ್ಕಿಡುತ್ತಾರೆ. ಪುರಾಣದ ಪೋಷಾಕನ್ನು ತೆಗೆದು ನೋಡಿ: ಪಾಂಡವರು ರಾಜ್ಯ ಕಳೆದುಕೊಂಡೊಡನೆ ಬಲರಾಮನ ಮನೆಯಲ್ಲಿ ಅಭಿಮನ್ಯುವಿನ ಸಂಬಂಧ ಬೇಡವಾಗುತ್ತದೆ, ಅಧಿಕಾರದಲ್ಲಿರುವ ದುರ್ಯೋಧನನ ಮಗ ಬೇಕಾಗುತ್ತಾನೆ. ಚುನಾವಣೆ ಸೋತವನ ಮನೆಯ ಮುಂದೆ ಕಾರುಗಳು ಮಾಯವಾಗುವುದಕ್ಕೂ ಇದಕ್ಕೂ ಏನು ಅಂತರ? ಆಗ ಬರುತ್ತಾನೆ ಘಟೋತ್ಕಚ. ಎಸ್.ವಿ. ರಂಗರಾವ್ ಮಾಡಿದ ಆ ರಕ್ಕಸ ಮೈ ಬೆಳೆಸಿಕೊಂಡು ಮದುವೆಯ ಅಡುಗೆಯನ್ನೆಲ್ಲ ಮುಗಿಸುವುದನ್ನು ನೋಡಿ ನಗದ ಮಗು ಇಲ್ಲ. ಮಗು ನಗುವಾಗ ದೊಡ್ಡವರು ಗಮನಿಸಬೇಕಾದದ್ದು ಅವನು ಬೀಗರಿಗಾಗಿ ಕಟ್ಟಿಸುವ ಊರನ್ನು. ಇಲ್ಲದ ಊರು, ಇಲ್ಲದ ಅಂಗಡಿ, ಇಲ್ಲದ ಉಪಚಾರ. ಹೊಗಳಿಕೆ ಒಂದಿದ್ದರೆ ಸಾಕು, ದೊಡ್ಡವರು ಅದರೊಳಗೆ ಸಂತೋಷವಾಗಿ ಬಿಡಾರ ಹೂಡುತ್ತಾರೆ. ಕೊನೆಗೆ, ಮೇಲೆ ನಿಂತವನ ಬಾಯಿಂದ ಸತ್ಯವನ್ನೇ ಹೊರಡಿಸುವ ಒಂದು ಪೀಠದ ಮೇಲೆ ಶಕುನಿ ನಿಲ್ಲುತ್ತಾನೆ, ತನ್ನ ಸಂಚನ್ನೆಲ್ಲ ತಾನೇ ಒದರುತ್ತಾನೆ. ನಮ್ಮ ಶಾಸನಸಭೆಗಳಲ್ಲಿ ಎಷ್ಟೋ ಪೀಠಗಳಿವೆ, ಅಂಥದು ಒಂದೂ ಇಲ್ಲ.

ಆ ಚಿತ್ರದಲ್ಲಿ ಕೃಷ್ಣನಾಗಿದ್ದ ಎನ್.ಟಿ. ರಾಮರಾವ್ 1982ರ ಮಾರ್ಚ್ 29ರಂದು ಪಕ್ಷ ಕಟ್ಟಿ, 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. 1985, 1989, 1994ರಲ್ಲಿ ಹಿಂದೂಪುರದಿಂದಲೇ ವಿಧಾನಸಭೆಗೆ ಗೆದ್ದರು. ತೆರೆಯ ದೊಡ್ಡ ಮೈ ಊರಿನ ಬೀದಿಗೆ ಇಳಿದು ಬಂದದ್ದನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅವರನ್ನು ಗೇಲಿ ಮಾಡುವ ಸಿನಿಮಾಗಳೂ ಬಂದವು. 1987ರ ‘ಮಂಡಲಾಧೀಶುಡು’ ಚಿತ್ರದಲ್ಲಿ ಕೋಟ ಶ್ರೀನಿವಾಸರಾವ್ ಅವರ ಮಾತು, ನಡೆ, ಕೈಬೀಸುಗಳನ್ನು ಅಣಕಿಸಿದರು. ಆಗ ಅದು ದೊಡ್ಡ ಗದ್ದಲ. ಇಂದು ಅದನ್ನು ಎಷ್ಟು ಜನ ನೋಡುತ್ತಾರೆ? ‘ಮಾಯಾಬಜಾರ್’ ಮಾತ್ರ 2010ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂತು. ಒಬ್ಬನ ಮುಖವನ್ನು ಗೇಲಿ ಮಾಡಿದ ಚಿತ್ರ ಆ ಮುಖದೊಂದಿಗೆ ಹಳೆಯದಾಗುತ್ತದೆ. ಅಧಿಕಾರದ ಗುಣವನ್ನೇ ರಕ್ಕಸನ ಕೈಯಿಂದ ಎತ್ತಿ ತೋರಿಸಿದ ಚಿತ್ರಕ್ಕೆ ಪ್ರತಿ ಚುನಾವಣೆಯೂ ಹೊಸ ಅರ್ಥ ಕೊಡುತ್ತದೆ.

ಈಗ ಜಪಾನಿಗೆ ಹೋಗೋಣ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬು ಪರೀಕ್ಷಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ 23 ಜನರ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯ ರೇಡಿಯೋ ನಿರ್ವಾಹಕ ಸೆಪ್ಟೆಂಬರಿನಲ್ಲಿ ಸತ್ತ. ಅದೇ ನವೆಂಬರ್ 3ರಂದು ಇಶಿರೋ ಹೋಂಡಾ ನಿರ್ದೇಶಿಸಿದ ‘ಗೊಜಿರಾ’ ತೆರೆಗೆ ಬಂತು. ಗಾಡ್ಜಿಲ್ಲಾ ಎಂದು ಲೋಕವೆಲ್ಲ ಕರೆಯುವುದು ಅದನ್ನೇ. ಬಾಂಬಿನ ಪರೀಕ್ಷೆಯಿಂದ ನಿದ್ದೆ ಕೆಟ್ಟು ಎದ್ದ ಪ್ರಾಣಿ ಅದು. ಚಿತ್ರದಲ್ಲಿ ಸಂಸತ್ತಿನ ದೃಶ್ಯವೊಂದಿದೆ: ಈ ಸುದ್ದಿಯನ್ನು ಮುಚ್ಚಿಡಬೇಕು, ಇಲ್ಲದಿದ್ದರೆ ವಿದೇಶ ಸಂಬಂಧ ಕೆಡುತ್ತದೆ ಎಂದು ಒಬ್ಬ ಸದಸ್ಯನ ವಾದ, ಜನರಿಗೆ ಹೇಳಲೇಬೇಕೆಂದು ಮಹಿಳಾ ಸದಸ್ಯರ ಪ್ರತಿಭಟನೆ. ಎರಡು ವರ್ಷಗಳ ಅನಂತರ, 1956ರಲ್ಲಿ, ಇದೇ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಹೋದಾಗ ನಡುವೆ ಒಬ್ಬ ಅಮೆರಿಕನ್ ಪತ್ರಕರ್ತನನ್ನು ತುರುಕಿದರು, ರಾಜಕೀಯದ ಮಾತುಗಳಲ್ಲಿ ಬಹಳಷ್ಟಕ್ಕೆ ಕತ್ತರಿ ಹಾಕಿದರು. ಪ್ರಾಣಿ ಗಡಿ ದಾಟಿತು, ಪ್ರಶ್ನೆ ಚೆಕ್‌ಪೋಸ್ಟಿನಲ್ಲಿ ಉಳಿಯಿತು. ದೈತ್ಯಚಿತ್ರ ಬರೀ ಮಕ್ಕಳಾಟ ಎಂದು ಮೂಗು ಮುರಿಯುವವರು ನೋಡಿರುವುದು ಹೆಚ್ಚಾಗಿ ಹೀಗೆ ಕತ್ತರಿಸಿ ಬಂದ ಚಿತ್ರಗಳನ್ನೇ.

2016ರಲ್ಲಿ ಅದೇ ಜಪಾನಿನಲ್ಲಿ ‘ಶಿನ್ ಗಾಡ್ಜಿಲ್ಲಾ’ ಬಂತು. ನಿರ್ದೇಶಕರು ಹಿದೆಯಾಕಿ ಅನ್ನೋ ಮತ್ತು ಶಿಂಜಿ ಹಿಗುಚಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ದುರಂತ, ಆಗ ಸರ್ಕಾರ ತಡವರಿಸಿದ ರೀತಿ. ಇವೆಲ್ಲ ಆ ಚಿತ್ರದ ಹಿಂದಿವೆ. ಪ್ರಾಣಿ ತೆರೆಯ ಮೇಲಿರುವುದಕ್ಕಿಂತ ಹೆಚ್ಚು ಹೊತ್ತು ಸಭೆಗಳೇ ಇವೆ. ಒಂದು ಕೋಣೆಯ ಸಭೆ ಮುಗಿಸಿ, ಅದೇ ಜನ ಇನ್ನೊಂದು ಕೋಣೆಗೆ ನಡೆದು, ಬೇರೆ ಹೆಸರಿನ ಸಭೆ ಸೇರುತ್ತಾರೆ. ಕರೆಸಿದ ತಜ್ಞರು ಏನನ್ನೂ ಖಚಿತವಾಗಿ ಹೇಳದೆ ಎದ್ದು ಹೋಗುತ್ತಾರೆ. ಪ್ರಾಣಿ ದಡಕ್ಕೆ ಬರುವುದಿಲ್ಲವೆಂದು ಪ್ರಧಾನಿ ದೂರದರ್ಶನದಲ್ಲಿ ಭರವಸೆ ಕೊಡುತ್ತಿರುವಾಗಲೇ ಅದು ದಡಕ್ಕೆ ಬಂದಿರುತ್ತದೆ. ಗುಂಡು ಹಾರಿಸಲೇ ಎಂಬ ಪ್ರಶ್ನೆ ಹೆಲಿಕಾಪ್ಟರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಪ್ರಧಾನಿಯವರೆಗೆ ಏರುತ್ತದೆ, ಉತ್ತರ ಅದೇ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಇವರಲ್ಲಿ ಒಬ್ಬನೂ ದುಷ್ಟನಲ್ಲ ಎಂಬುದನ್ನು ಗಮನಿಸಬೇಕು. ಎಲ್ಲರೂ ನಿಯಮದಂತೆಯೇ ನಡೆಯುತ್ತಾರೆ, ಎಲ್ಲರೂ ಸಭ್ಯರು, ಕೆಲವರು ಒಳ್ಳೆಯವರು ಕೂಡ. ಊರು ಮಾತ್ರ ಸುಡುತ್ತದೆ.

ಕೊರಿಯಾದ ಬೊಂಗ್ ಜೂನ್ ಹೋ 2006ರಲ್ಲಿ ಮಾಡಿದ ‘ದಿ ಹೋಸ್ಟ್’ ನಮಗೆ ಇನ್ನೂ ಹತ್ತಿರದ್ದು. 2000ದಲ್ಲಿ ಸೋಲ್ ನಗರದ ಅಮೆರಿಕನ್ ಸೇನಾನೆಲೆಯ ಶವಾಗಾರದಿಂದ ಫಾರ್ಮಾಲ್ಡಿಹೈಡ್ ಚರಂಡಿಗೆ ಸುರಿದ ನಿಜವಾದ ಪ್ರಕರಣದಿಂದ ಹುಟ್ಟಿದ ಕತೆ. ಹಾನ್ ನದಿಯಲ್ಲಿ ಬೆಳೆದ ಪ್ರಾಣಿಯೊಂದು, ದಡದಲ್ಲಿ ತಿಂಡಿಯಂಗಡಿ ಇಟ್ಟುಕೊಂಡ ಬಡ ಕುಟುಂಬದ ಹುಡುಗಿಯನ್ನು ಹೊತ್ತೊಯ್ಯುತ್ತದೆ. ಹುಡುಗಿ ಬದುಕಿದ್ದಾಳೆ, ಚರಂಡಿಯೊಳಗಿಂದ ದೂರವಾಣಿ ಮಾಡಿದ್ದಾಳೆ. ಅಪ್ಪ ಇದನ್ನು ಪೊಲೀಸರಿಗೆ ಹೇಳುತ್ತಾನೆ, ವೈದ್ಯರಿಗೆ ಹೇಳುತ್ತಾನೆ. ಯಾರೂ ಕೇಳುವುದಿಲ್ಲ. ಸರ್ಕಾರದ ಪಟ್ಟಿಯಲ್ಲಿ ಹುಡುಗಿ ಸತ್ತಿದ್ದಾಳೆ. ಸರ್ಕಾರ ಹುಡುಕುತ್ತಿರುವುದು ಒಂದು ರೋಗಾಣುವನ್ನು, ಅಂಥ ರೋಗಾಣುವೇ ಇಲ್ಲ. ಇದ್ದದ್ದು ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿದ್ದದ್ದು ಇಲ್ಲ. ಕಚೇರಿಯ ಭಾಷೆ ಬಾರದೆ ಮೇಜಿನ ಮುಂದೆ ನಿಂತ ನಮ್ಮ ಹಿರಿಯರಿಗೆ ಆ ಅಪ್ಪನ ಮುಖವನ್ನು ವಿವರಿಸಬೇಕಾಗಿಲ್ಲ.

ಕನ್ನಡ, ಮಲಯಾಳ ಎರಡೂ ಒಂದೇ ರಟ್ಟಿನೊಳಗೆ ಇರುವ ಸಂಚಿಕೆಯಲ್ಲಿ ನೆರೆಯವರ ಒಂದು ಚಿತ್ರವನ್ನು ನೆನೆಯದಿದ್ದರೆ ಅನ್ಯಾಯವಾದೀತು. ಎಸ್. ಹರೀಶ್ ಅವರ ‘ಮಾವೋಯಿಸ್ಟ್’ ಕತೆಯನ್ನು ಆಧರಿಸಿ ಲಿಜೋ ಜೋಸ್ ಪೆಲ್ಲಿಶ್ಶೇರಿ 2019ರಲ್ಲಿ ‘ಜಲ್ಲಿಕ್ಕಟ್ಟು’ ಮಾಡಿದರು. ಕಟುಕನ ಕೈತಪ್ಪಿ ಓಡಿದ ಒಂದು ಸಾಮಾನ್ಯ ಕೋಣ, ಅದನ್ನು ಬೆನ್ನಟ್ಟುವ ಊರು. ರಾತ್ರಿ ಬೆಳೆದಂತೆ ಬೆಳೆಯುವುದು ಕೋಣನ ಮೈಯಲ್ಲ, ಗುಂಪಿನ ಮೈ. ಕೊನೆಗೆ ಗಂಡಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಒಂದು ಗುಡ್ಡವೇ ಆಗುತ್ತದೆ. ರಕ್ಕಸನನ್ನು ಹೊರಗಿನಿಂದ ತರಬೇಕಾಗಿಲ್ಲ, ಊರಿನವರೇ ಸೇರಿ ಅದಾಗಬಹುದು ಎಂದು ಮಲಯಾಳಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡರು. ನಾವು ನಮ್ಮ ಬಗ್ಗೆ ಹೇಳಿಕೊಂಡದ್ದೇನು?

ನಮ್ಮ ಗಡಿಯ ಕತೆಯೆಂದು ಎಲ್ಲರೂ ಮೆಚ್ಚಿದ ಚಿತ್ರ 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟಿ ಅದನ್ನು ಪ್ರೀತಿಯಿಂದ ಮಾಡಿದ್ದಾರೆ, ಮಕ್ಕಳು ಮುದ್ದಾಗಿ ನಟಿಸಿದ್ದಾರೆ, ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಲ್ಲಬೇಕಾದದ್ದೇ. ಕಾಸರಗೋಡಿನ ಕನ್ನಡ ಶಾಲೆಯ ಹೆಸರನ್ನು ಬೆಂಗಳೂರಿನ ಜನರಿಗೆ ಕೇಳಿಸಿದ ಪುಣ್ಯವೂ ಅದರದು. ಆದರೂ ನನ್ನ ತಕರಾರು ಇದೆ. ಅಲ್ಲಿ ಶಾಲೆಗೆ ಬೀಗ ಬೀಳುವುದು ಒಬ್ಬ ಶಿಕ್ಷಣಾಧಿಕಾರಿಯ ಕುತಂತ್ರದಿಂದ. ಬೀಗ ತೆಗೆಯುವುದು ಮೈಸೂರಿನಿಂದ ಬಂದ ಒಬ್ಬ ಹಿರಿಯ, ನ್ಯಾಯಾಲಯದಲ್ಲಿ ಮಾಡುವ ಒಂದು ಭಾಷಣದಿಂದ. ನಾವು ಚಪ್ಪಾಳೆ ತಟ್ಟಿ, ಕಣ್ಣೊರಸಿಕೊಂಡು ಮನೆಗೆ ಬರುತ್ತೇವೆ. ಖಳ ಸೋತ, ಕತೆ ಮುಗಿಯಿತು. ಆದರೆ ನಿಜವಾದ ಶಾಲೆಗಳ ಕತೆ ಹಾಗೆ ಮುಗಿಯುವುದೇ? ಆ ಅಧಿಕಾರಿಯನ್ನು ವರ್ಗ ಮಾಡಿದರೆ ಮುಂದಿನ ವರ್ಷ ಒಂದನೇ ತರಗತಿಗೆ ಮಕ್ಕಳು ಬರುತ್ತಾರೆಯೇ?

ಖಳನಾಯಕನಿಗೆ ಮುಖ ಇದೆ, ದುರುದ್ದೇಶ ಇದೆ, ಅವನನ್ನು ಸೋಲಿಸಬಹುದು. ರಕ್ಕಸನಿಗೆ ದುರುದ್ದೇಶ ಬೇಕಾಗಿಲ್ಲ. ಅವನು ನೂರು ಕೈಗಳು ಸೇರಿ ಕಟ್ಟಿದ ಹಸಿವು. ನಮ್ಮ ರಕ್ಕಸ ಎಂಥವನೆಂದು ಒಂದು ಅಂಕಿಯಿಂದ ತೋರಿಸುತ್ತೇನೆ.

1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳು ಸಭೆ ಸೇರಿ ಒಂದು ಸೂತ್ರ ಒಪ್ಪಿದರು: ಪ್ರಾಥಮಿಕ ಹಂತದಲ್ಲಿ ಒಂದು ಮಾತೃಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಇದ್ದರೆ, ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸುವುದು ರಾಜ್ಯಗಳ ಕೆಲಸವೆಂದು ಅದು ಹೇಳುತ್ತದೆ. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ಕೊಟ್ಟಿತು. ಅವರ ವರದಿ ರಾಷ್ಟ್ರಪತಿಗೆ ಹೋಗುತ್ತದೆ, ಸಂಸತ್ತಿನ ಮುಂದೆ ಇಡಲಾಗುತ್ತದೆ. ಎಲ್ಲ ಒಳ್ಳೆಯ ಉದ್ದೇಶದ್ದೇ, ಎಲ್ಲ ನಮ್ಮ ರಕ್ಷಣೆಗೇ.

ಈಗ ಮಡಕಶಿರಾ, ರೊಳ್ಳ, ಅಮರಾಪುರದ ಕಡೆಯ ಒಂದು ಕನ್ನಡ ಶಾಲೆಯನ್ನು ಊಹಿಸಿಕೊಳ್ಳಿ; ಮಂಜೇಶ್ವರದ ಕಡೆಯದಾದರೂ ಆಗಬಹುದು. ತರಗತಿಯಲ್ಲಿ ಹತ್ತು ಮಕ್ಕಳು. ಒಬ್ಬ ತಂದೆ ಮಗನನ್ನು ಕಾನ್ವೆಂಟಿಗೆ ಸೇರಿಸುತ್ತಾನೆ. ಅವನದು ತಪ್ಪೆನ್ನುವವರು ಯಾರು? ಮುಂದೆ ಕೆಲಸ ಬೇಕು. ಉಳಿದವರು ಒಂಬತ್ತು. ಗುಮಾಸ್ತ ಒಂಬತ್ತೆಂದು ಬರೆಯುತ್ತಾನೆ. ಒಂಬತ್ತಿರುವಾಗ ಹತ್ತೆಂದು ಬರೆದರೆ ಅವನ ಕೆಲಸ ಹೋಗುತ್ತದೆ. ಒಂಬತ್ತು ಎಂಬ ಕಾಗದ ಮೇಲಿನ ಮೇಜಿಗೆ ಹೋಗುತ್ತದೆ. ಮೇಲಿನವರು ಸೂತ್ರ ನೋಡುತ್ತಾರೆ. ನಿವೃತ್ತರಾದ ಕನ್ನಡ ಶಿಕ್ಷಕರ ಜಾಗ ಖಾಲಿ ಉಳಿಯುತ್ತದೆ. ಶಿಕ್ಷಕರಿಲ್ಲವೆಂದು ಇನ್ನಿಬ್ಬರು ಹೊರಡುತ್ತಾರೆ. ಈ ಸರಪಳಿಯಲ್ಲಿ ಕನ್ನಡದ್ವೇಷಿ ಎಲ್ಲಿದ್ದಾನೆ, ಹುಡುಕಿ ನೋಡಿ. ತೆಲುಗಿನವನೂ ಅಲ್ಲ, ಮಲಯಾಳಿಯೂ ಅಲ್ಲ. ನಮ್ಮನ್ನು ಕಾಯಲು ಕಟ್ಟಿದ ಬೇಲಿಯೇ ಬಾಯಿ ತೆರೆದು ನಿಂತಿದೆ, ಅದರ ಹಲ್ಲಿನ ಹೆಸರು ಒಂಬತ್ತು. ದಿನವಿಡೀ ಅಂಕಿಗಳ ಜೊತೆ ಕೂರುವ ಬ್ಯಾಂಕಿನ ನೌಕರನಿಗೆ ಹೊಳೆದಿರುವ ಮಟ್ಟಿಗೆ, ಇದಕ್ಕಿಂತ ಭಯಂಕರವಾದ ಪ್ರಾಣಿ ಯಾವ ಸಮುದ್ರದಲ್ಲೂ ಇಲ್ಲ.

ಇದು ಊಹೆಯಾಯಿತು, ನಡೆದದ್ದು ಹೇಳು ಎನ್ನುವವರಿಗೆ ಇನ್ನೊಂದು ಸಂಗತಿ. 2019ರ ನವೆಂಬರ್ 5ರಂದು ಆಂಧ್ರಪ್ರದೇಶ ಸರ್ಕಾರ 81ನೇ ಸಂಖ್ಯೆಯ ಆದೇಶ ಹೊರಡಿಸಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟಿತು. ಕಡ್ಡಾಯ ವಿಷಯವಾಗಿ ಉಳಿಯಬೇಕಾದ ಭಾಷೆಗಳೆಂದು ತೆಲುಗು, ಉರ್ದುಗಳ ಮಾತು ಬಂತು. ಕನ್ನಡದ ಮಾತು ಕೇಳಿಬರಲಿಲ್ಲ. ಯಾರೋ ಕನ್ನಡವನ್ನು ಕೊಲ್ಲಲೆಂದು ಕುಳಿತು ಹಾಗೆ ಬರೆದರೆಂದು ನಾನು ನಂಬುವುದಿಲ್ಲ. ನೆನಪಿಗೆ ಬಂದಿರಲಿಕ್ಕಿಲ್ಲ, ಅಷ್ಟೇ. ದ್ವೇಷಿಸುವವನಿಗೆ ನಮ್ಮ ಹೆಸರಾದರೂ ಗೊತ್ತಿರುತ್ತದೆ. 2020ರ ಏಪ್ರಿಲ್ 15ರಂದು ಆ ಆದೇಶವನ್ನು ಹೈಕೋರ್ಟು ರದ್ದು ಮಾಡಿತು. ಆ ವಾದ ತೆಲುಗು ಮಾಧ್ಯಮವನ್ನು ಉಳಿಸಿಕೊಳ್ಳುವ ಜನರ ಛಲದಿಂದಲೂ ಗೆದ್ದದ್ದು. ಅವರ ಕೊಡೆಯ ಕೆಳಗೆ ನಾವೂ ನೆನೆಯದೆ ಉಳಿದೆವು. ತೆಲುಗರನ್ನು ಖಳರನ್ನಾಗಿ ಮಾಡುವವರು ಇದನ್ನು ಮರೆಯಬಾರದು. ಕೇರಳದಲ್ಲಿ 2017ರಲ್ಲಿ ಶಾಲೆಗಳಿಗೆ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅಲ್ಲೂ ಆ ಕಾನೂನಿನ ಹಿಂದೆ ಇದ್ದದ್ದು ತನ್ನ ಮನೆಯಲ್ಲೇ ಇಂಗ್ಲಿಷಿನ ಎದುರು ಸೋಲುತ್ತಿರುವ ಒಂದು ಭಾಷೆಯ ಆತಂಕ. ಹೆದರಿದ ಒಂದು ಭಾಷೆ ತನಗಿಂತ ಚಿಕ್ಕದರ ಕಾಲು ತುಳಿಯುತ್ತದೆ. ಇದನ್ನು ಹೇಳಲು ಖಳನಾಯಕ ಬೇಕಿಲ್ಲ.

ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಯಾರದ್ದೂ ತಪ್ಪಿಲ್ಲವೆಂದರೆ ಹೋರಾಟ ಯಾರ ಮೇಲೆ, ಇದು ಕೈಕಟ್ಟಿ ಕೂರುವ ವೇದಾಂತ ಎನ್ನುತ್ತಾರೆ. ನಾನು ಹಾಗೆ ಹೇಳಲೇ ಇಲ್ಲ. ಖಳನಾಯಕನಿದ್ದರೆ ತಪ್ಪು ಒಬ್ಬನ ತಲೆಗೆ ಹೋಗಿ ಉಳಿದವರೆಲ್ಲ ಪಾರಾಗುತ್ತಾರೆ. ರಕ್ಕಸನಿದ್ದಾನೆಂದರೆ ಪ್ರತಿ ಕೈಯೂ ತನ್ನ ಪಾಲಿನ ಲೆಕ್ಕ ಕೊಡಬೇಕಾಗುತ್ತದೆ: ಶಿಕ್ಷಕನ ಜಾಗ ಖಾಲಿ ಬಿಟ್ಟ ಕಾಗದಕ್ಕೆ ಸಹಿ ಯಾರದು, ವಿಶೇಷಾಧಿಕಾರಿಯ ವರದಿ ಸಂಸತ್ತಿನ ಮುಂದೆ ಬಂದ ದಿನ ನಮ್ಮ ಸಂಸದರು ಎಲ್ಲಿದ್ದರು, ನವೆಂಬರಿನಲ್ಲಿ ವೇದಿಕೆಯೇರಿ ಗಡಿನಾಡಿಗಾಗಿ ಗಂಟಲು ಹರಿದುಕೊಂಡವರು ಜೂನಿನಲ್ಲಿ ಒಂದು ಪಠ್ಯಪುಸ್ತಕದ ಕಟ್ಟನ್ನಾದರೂ ಕಳಿಸಿದರೆ? ‘ಶಿನ್ ಗಾಡ್ಜಿಲ್ಲಾ’ದಲ್ಲಿ ಪ್ರಾಣಿಯನ್ನು ನಿಲ್ಲಿಸುವುದು ವೀರನೊಬ್ಬನಲ್ಲ. ದೊಡ್ಡ ಹುದ್ದೆಗೆ ಒಗ್ಗದ ಕೆಲವು ನೌಕರರು ಒಂದು ಕೋಣೆಯಲ್ಲಿ ಕೂತು, ಯಾವ ಕಾರ್ಖಾನೆಯಲ್ಲಿ ಎಷ್ಟು ಔಷಧ ಇದೆ, ಎಷ್ಟು ಪಂಪು ಸಿಗುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಪ್ರಾಣಿಯ ಬಾಯಿಗೆ ಸುರಿಸುತ್ತಾರೆ. ಪ್ರಾಣಿ ಸಾಯುವುದಿಲ್ಲ, ಹೆಪ್ಪುಗಟ್ಟಿ ಊರ ನಡುವೆ ನಿಲ್ಲುತ್ತದೆ. ನಮ್ಮ ಗೆಲುವೂ ಅಂಥದೇ ಆಗಿರುತ್ತದೆ. ಭಾಷಣದಿಂದ ಬಾರದು, ಲೆಕ್ಕದಿಂದ ಬರುತ್ತದೆ, ಆಮೇಲೂ ಕಾಯುತ್ತಲೇ ಇರಬೇಕಾಗುತ್ತದೆ.

ಇನ್ನು, ಇಂಥ ಚಿತ್ರದ ಬೇರು ನಮ್ಮಲ್ಲಿಲ್ಲ ಎನ್ನುವವರಿಗೆ ಬಕಾಸುರನನ್ನು ನೆನಪಿಸುತ್ತೇನೆ. ಯಕ್ಷಗಾನದಲ್ಲಿ ಅವನ ಆರ್ಭಟ ನೋಡಿ ಬೆಳೆದವರು ಕತೆಯ ಒಳಗಿನ ಆಡಳಿತವನ್ನು ಗಮನಿಸಿದ್ದಾರೆಯೇ? ಏಕಚಕ್ರದ ಜನ ರಕ್ಕಸನೊಡನೆ ಒಪ್ಪಂದ ಮಾಡಿಕೊಂಡಿದ್ದಾರೆ: ಒಂದು ಬಂಡಿ ಅನ್ನ, ಎರಡು ಕೋಣ, ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಸರದಿಯ ಪಟ್ಟಿ ಇದೆ, ಮನೆಗೊಂದು ಪಾಳಿ. ಆಳಬೇಕಾದ ದೊರೆ ಎಲ್ಲೋ ದೂರದಲ್ಲಿ ಇದ್ದಾನೆ, ಕಾಪಾಡುವ ಶಕ್ತಿ ಅವನಿಗಿಲ್ಲ. ಊರು ಶಾಂತವಾಗಿದೆ, ಏಕೆಂದರೆ ಇಂದಿನ ಪಾಳಿ ಪಕ್ಕದ ಮನೆಯದು. ರಾಜಕೀಯ ವಿಡಂಬನೆ ಇದಕ್ಕಿಂತ ಹರಿತವಾಗಿರಲು ಸಾಧ್ಯವೆ? ವರ್ಷಕ್ಕೊಂದು ಮನೆಯಂತೆ ಕನ್ನಡ ಶಾಲೆಯಿಂದ ಮಗುವನ್ನು ಕಳಿಸಿಕೊಡುವ ನಮ್ಮ ಊರುಗಳ ಪಟ್ಟಿ ಇದಕ್ಕಿಂತ ಬೇರೆಯೆ? ಭೀಮ ಬಂದು ಬಕನನ್ನು ಕೊಂದನೆಂದು ನೆನೆಯುವವರು ಬಹಳ. ಅದಕ್ಕೆ ಮೊದಲು ಒಂದು ಮನೆಯ ಅಳುವನ್ನು ಇನ್ನೊಂದು ಮನೆಯಾಕೆ, ಕುಂತಿ, ಕೇಳಿಸಿಕೊಂಡು ಒಳಗೆ ಹೋಗಿ ಏನಾಯಿತೆಂದು ವಿಚಾರಿಸಿದಳು. ಊರಿಗೆ ಅವಳು ಹೊರಗಿನವಳು.

ದುಡ್ಡಿಲ್ಲ ಎಂಬುದು ಕೊನೆಯ ನೆಪ. 1954ರ ಗೊಜಿರಾ ರಬ್ಬರಿನ ಪೋಷಾಕಿನೊಳಗೆ ಬೆವರುತ್ತಿದ್ದ ಹರುವೋ ನಕಾಜಿಮಾ ಎಂಬ ನಟ. ಅವನು ತುಳಿದದ್ದು ಆಟಿಕೆಯಂಥ ಊರನ್ನು. ನಮ್ಮಲ್ಲಿ ಬಣ್ಣದ ವೇಷ ಕಟ್ಟುವವರಿದ್ದಾರೆ, ಕಾಸರಗೋಡಿನಲ್ಲಿ ಯಕ್ಷಗಾನದ ಬೊಂಬೆಯಾಡಿಸುವವರಿದ್ದಾರೆ, ಮುಡಿಯೇರಿಸಿ ಆಕಾಶ ಮುಟ್ಟುವ ತೆಯ್ಯಂ ಇದೆ. ನಮ್ಮ ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ ಆಳೆತ್ತರದ ತೊಗಲುಗೊಂಬೆಗಳನ್ನು ಕುಣಿಸುತ್ತಾರೆ. ಅಲ್ಲಿನ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕತೆ ಬೇಕೆಂದರೆ ಅದನ್ನೂ ಕೊಡುತ್ತೇನೆ, ಹಣ ಕೇಳುವುದಿಲ್ಲ. ಆಂಧ್ರದೊಳಗೆ ಬೆರಳು ಚಾಚಿದಂತಿರುವ ಕರ್ನಾಟಕದ ಪಾವಗಡಕ್ಕೂ ನಮ್ಮ ಮಡಕಶಿರಾಕ್ಕೂ ನಡುವೆ ಒಂದು ರಾತ್ರಿ ರಕ್ಕಸ ಬಂದು ಮಲಗುತ್ತಾನೆ. ತಲೆ ಒಂದು ರಾಜ್ಯದಲ್ಲಿ, ಕಾಲು ಇನ್ನೊಂದರಲ್ಲಿ. ಹಸಿವು ತಲೆಯದಾದ್ದರಿಂದ ಜವಾಬ್ದಾರಿ ನಿಮ್ಮದು ಎಂದು ಈ ಕಡೆಯವರು. ನಡೆದು ಬಂದದ್ದು ಕಾಲಿನಿಂದ, ಆದ್ದರಿಂದ ನಿಮ್ಮದು ಎಂದು ಆ ಕಡೆಯವರು. ಪತ್ರ ಯಾವ ಭಾಷೆಯಲ್ಲಿ ಬರೆಯಬೇಕೆಂಬುದಕ್ಕೆ ಒಂದು ಸಮಿತಿ. ಅಷ್ಟರಲ್ಲಿ ರಕ್ಕಸ ದಿನಕ್ಕೊಂದು ಶಾಲೆಯ ಫಲಕ ತಿನ್ನುತ್ತಿರುತ್ತಾನೆ. ಪ್ರೇಕ್ಷಕರು ನಗಲಿ, ಹೊಟ್ಟೆ ತುಂಬ ನಗಲಿ. ಮನೆಗೆ ಹೋದ ಮೇಲೆ ತಮ್ಮೂರಿನ ಫಲಕ ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿಬಂದರೆ ಚಿತ್ರ ಗೆದ್ದಂತೆ.

ಚಿತ್ರ ಯಾವಾಗ ಬರುತ್ತದೋ ತಿಳಿಯದು. ಅದಕ್ಕಾಗಿ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ಲೇಪಾಕ್ಷಿ, ಕಲ್ಯಾಣದುರ್ಗ, ರಾಯದುರ್ಗ, ಕಾಸರಗೋಡು ಎಲ್ಲೇ ಇರಲಿ, ಹತ್ತಿರದ ಕನ್ನಡ ತರಗತಿಗೆ ಹೋಗಿ ಹಾಜರಿ ಪುಸ್ತಕದ ಹೆಸರುಗಳನ್ನು ಎಣಿಸಿ. ಹತ್ತಿದ್ದರೆ ಹನ್ನೊಂದನೆಯದನ್ನು ಹುಡುಕಿ. ಒಂಬತ್ತಿದ್ದರೆ, ಹೋದ ಮಗುವಿನ ಮನೆ ಯಾವುದೆಂದು ಕೇಳಿಕೊಂಡು ಅವತ್ತೇ ಸಂಜೆ ಹೋಗಿ ಬನ್ನಿ.